ಎಫ್‌ಎಂಜಿಇ, ನೀಟ್ ಪಿಜಿಗೆ ಫ್ಲ್ಯಾಶ್‌ಕಾರ್ಡ್: ಕಾರ್ಡು ಎಲ್ಲಿಂದ ಹುಟ್ಟಬೇಕು, ದಿನಕ್ಕೆ ಎಷ್ಟು ಸಾಕು?

ಕಟಪಾಡಿ_ಕಡಲು

ಎಲ್ಲರಿಗೂ ನಮಸ್ಕಾರ. ಉಡುಪಿ, ಮಂಗಳೂರು ಕಡೆಯ ನಾವು ನಾಲ್ಕೈದು ಮಂದಿ ಒಟ್ಟಿಗೆ ಕೂತು ಎಫ್‌ಎಂಜಿಇಗೆ (ವಿದೇಶದಲ್ಲಿ ವೈದ್ಯಕೀಯ ಓದಿದವರು ಇಲ್ಲಿ ಬರೆಯುವ ಅರ್ಹತಾ ಪರೀಕ್ಷೆ) ಓದುತ್ತಿದ್ದೇವೆ. ಕೈಯಲ್ಲಿ ಸುಮಾರು ಐದು ತಿಂಗಳು ಉಂಟು. ಮರೆಯುವ ಹೊತ್ತಿಗೆ ಕಾರ್ಡನ್ನು ಮತ್ತೆ ತೋರಿಸುವ ಆಂಕಿ ಆಪ್‌ನಲ್ಲಿ ಅಮೆರಿಕದ ಪರೀಕ್ಷೆಗೆಂದು ಮಾಡಿದ ದೊಡ್ಡ ರೆಡಿಮೇಡ್ ಡೆಕ್ (ಕಾರ್ಡುಗಳ ಕಟ್ಟು) ಇಳಿಸಿಕೊಂಡರೆ ಸಾಕಾ, ಇಲ್ಲ ಸ್ವಂತ ಕಾರ್ಡು ಮಾಡಲೇಬೇಕಾ? ದಿನಕ್ಕೆ ಹೊಸ ಕಾರ್ಡು ಎಷ್ಟು? ರಿವ್ಯೂ (ಹಳೇ ಕಾರ್ಡು ಮತ್ತೆ ನೋಡುವುದು) ಬಾಕಿ ಸಾವಿರ ದಾಟಿದರೆ ಎಂತ ಮಾಡುವುದು? ತಿಳಿದವರು ಸ್ವಲ್ಪ ವಿವರವಾಗಿ ಹೇಳಿ.

ಪಿಎಸ್‌ಎಂ_ಪ್ರಿಯೆ

ಮೊದಲು ಅಂಕಗಳ ಲೆಕ್ಕ ನೋಡಿ, ಆಮೇಲೆ ಡೆಕ್ಕಿನ ಮಾತು. ಎಫ್‌ಎಂಜಿಇಯಲ್ಲಿ 300 ಪ್ರಶ್ನೆ, ಪಾಸಾಗಲು 150, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರೀ ಮತ್ತು ಪ್ಯಾರಾ ಕ್ಲಿನಿಕಲ್ (ಚಿಕಿತ್ಸೆಗೆ ಮೊದಲು ಕಲಿಯುವ ಮೂಲ ವಿಷಯಗಳು) ಒಟ್ಟು 100, ಕ್ಲಿನಿಕಲ್ 200. ಆ 200ರಲ್ಲಿ ಮೆಡಿಸಿನ್ 33, ಸರ್ಜರಿ 32, ಒಬಿಜಿ (ಹೆರಿಗೆ, ಸ್ತ್ರೀರೋಗ) 30, ಕಮ್ಯುನಿಟಿ ಮೆಡಿಸಿನ್ (ಸಾರ್ವಜನಿಕ ಆರೋಗ್ಯ) 30. ಕಮ್ಯುನಿಟಿ ಮೆಡಿಸಿನ್ ಅನ್ನು ಕೊನೇ ವಾರಕ್ಕೆ ಎತ್ತಿಡುವವರೇ ಜಾಸ್ತಿ. ಅದರ ತೂಕ ಒಬಿಜಿಯಷ್ಟೇ ಎನ್ನುವುದು ಲಕ್ಷ್ಯದಲ್ಲಿರಲಿ.

ಈಗ ರೆಡಿಮೇಡ್ ಡೆಕ್ ವಿಷಯ. ಅಮೆರಿಕದ ಡೆಕ್ ಪೆಥಾಲಜಿ, ಬಯೋಕೆಮಿಸ್ಟ್ರಿ, ಫಾರ್ಮಾದ ಮೆಕ್ಯಾನಿಸಂಗಳಿಗೆ ತುಂಬ ಒಳ್ಳೆಯದು. ಆದರೆ ನಮ್ಮ ರಾಷ್ಟ್ರೀಯ ಲಸಿಕಾ ವೇಳಾಪಟ್ಟಿ, ಟಿಬಿ ಕಾರ್ಯಕ್ರಮ, ಆಸ್ಪತ್ರೆ ತ್ಯಾಜ್ಯದ ಬಣ್ಣದ ಚೀಲಗಳು, ಮಲೇರಿಯಾಕ್ಕೆ ನಮ್ಮ ದೇಶದ ಔಷಧಿ ಕ್ರಮ, ಹಾವು ಕಚ್ಚಿದರೆ ಎಷ್ಟು ವಯಲ್ ಎನ್ನುವುದು ಯಾವುದೂ ಅದರಲ್ಲಿ ಸಿಕ್ಕುವುದಿಲ್ಲ. 1957ರಲ್ಲಿ ನಮ್ಮ ಘಟ್ಟದ ಮೇಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ, ಅದನ್ನು ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಉಣ್ಣಿ, ಇವು ಇಲ್ಲಿನ ಪರೀಕ್ಷೆಯಲ್ಲಿ ಕೇಳುವ ವಿಷಯ. ಇವಕ್ಕೆಲ್ಲ ಸ್ವಂತ ಕಾರ್ಡೇ ಆಗಬೇಕು.

ಹಳೇ ಡೆಕ್ಕಿನ ಅಪಾಯ ಇನ್ನೊಂದು ಉಂಟು. ಟಿಬಿಗೆ ವಾರಕ್ಕೆ ಮೂರು ಸಲ ಮಾತ್ರೆ ಎಂದು ಬರೆದ ಕಾರ್ಡು ಈಗಲೂ ಕೈಯಿಂದ ಕೈಗೆ ಓಡಾಡುತ್ತಿದೆ. 2017ರಿಂದ ದಿನಾಲೂ ಕೊಡುವ ಕ್ರಮ ಬಂತು: ಎರಡು ತಿಂಗಳು ಎಚ್‌ಆರ್‌ಜೆಡ್‌ಇ (ನಾಲ್ಕು ಔಷಧಿ), ಮತ್ತೆ ನಾಲ್ಕು ತಿಂಗಳು ಎಚ್‌ಆರ್‌ಇ (ಅವುಗಳಲ್ಲಿ ಮೂರು). 2020ರಲ್ಲಿ ಕಾರ್ಯಕ್ರಮದ ಹೆಸರೇ ಆರ್‌ಎನ್‌ಟಿಸಿಪಿಯಿಂದ ಎನ್‌ಟಿಇಪಿ ಆಯಿತು. ಫೊರೆನ್ಸಿಕ್‌ನಲ್ಲೂ ಇದೇ ಅವಸ್ಥೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಕೊಲೆಯ ಸೆಕ್ಷನ್ 302 ಇದ್ದದ್ದು 103, ನಿರ್ಲಕ್ಷ್ಯದಿಂದ ಸಾವಿನ 304ಎ ಈಗ 106, ಗ್ರೀವಿಯಸ್ ಹರ್ಟ್‌ನ (ತೀವ್ರ ಗಾಯ) 320 ಈಗ 116, ಪೊಲೀಸ್ ಇನ್‌ಕ್ವೆಸ್ಟ್‌ಗೆ (ಅಸಹಜ ಸಾವಿನ ತನಿಖೆ) ಸಿಆರ್‌ಪಿಸಿ 174ರ ಜಾಗದಲ್ಲಿ ಬಿಎನ್‌ಎಸ್‌ಎಸ್ (ಹೊಸ ದಂಡ ಪ್ರಕ್ರಿಯೆ ಕಾನೂನು) 194. ತಪ್ಪು ಕಾರ್ಡನ್ನು ಆಂಕಿ ನಿಮಗೆ ಅಷ್ಟೇ ನಿಷ್ಠೆಯಿಂದ ಬಾಯಿಪಾಠ ಮಾಡಿಸುತ್ತದೆ, ಆಮೇಲೆ ಅದನ್ನು ತಲೆಯಿಂದ ಕೀಳುವುದು ಬಹಳ ಕಷ್ಟ. ಆದ್ದರಿಂದ ಕಾರ್ಯಕ್ರಮ, ಕಾನೂನು, ಲಸಿಕೆ, ಈ ಮೂರಕ್ಕೆ ಸೇರಿದ ಪ್ರತಿ ಕಾರ್ಡಿಗೂ ವರ್ಷದ ಟ್ಯಾಗ್ ಹಾಕಿ.

ವಾರ್ಡ್_ರೌಂಡ್ಸ್

ಮೇಡಂ ಹೇಳಿದ್ದು ಪೂರಾ ಸರಿ. ನನ್ನದು ಇನ್ನೊಂದು ಮಾತು, ಇದಕ್ಕಿಂತಲೂ ಮುಖ್ಯ ಎಂದು ನನ್ನ ನಂಬಿಕೆ. ಕಾರ್ಡು ಹುಟ್ಟಬೇಕಾದ್ದು ತಪ್ಪಾದ ಪ್ರಶ್ನೆಯಿಂದ, ಪುಸ್ತಕದ ಪುಟದಿಂದ ಅಲ್ಲ. ಪುಟ ನೋಡಿ ಮಾಡಹೊರಟರೆ ಎಲ್ಲವೂ ಮುಖ್ಯವಾಗಿ ಕಾಣುತ್ತದೆ, ಒಂದು ಅಧ್ಯಾಯಕ್ಕೆ ಎಂಬತ್ತು ಕಾರ್ಡು ಆಗುತ್ತದೆ, ಅರ್ಧದಷ್ಟು ನಿಮಗೆ ಮೊದಲೇ ಗೊತ್ತಿದ್ದದ್ದು.

ಹೀಗೆ ಮಾಡಿ. ಒಂದೇ ವಿಷಯದ 40 ಎಂಸಿಕ್ಯೂ (ಆಯ್ಕೆ ಕೊಟ್ಟ ಪ್ರಶ್ನೆ) ಗಡಿಯಾರ ಇಟ್ಟು ಬಿಡಿಸಿ. ನೀಟ್ ಪಿಜಿ (ವೈದ್ಯರ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಬರೆಯುವವರಿಗೆ ಇದು ಹಾಗೇ ಹೊಂದುತ್ತದೆ, ಅಲ್ಲಿ 40 ಪ್ರಶ್ನೆಯ ಒಂದು ಭಾಗಕ್ಕೆ 42 ನಿಮಿಷ, ಭಾಗ ಮುಗಿದ ಮೇಲೆ ಹಿಂದೆ ಹೋಗಲು ಬಿಡುವುದಿಲ್ಲ. ಬಿಡಿಸಿ ಆದ ಮೇಲೆ ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ತಪ್ಪಲು ಕಾರಣ ಬರೆಯಿರಿ. ವಿಷಯವೇ ಗೊತ್ತಿರಲಿಲ್ಲ ಎಂದಾದರೆ ನೇರ ಕಾರ್ಡು ಒಂದು. ಎರಡು ವಿಷಯ ಕಲಸಿಹೋಯಿತು ಎಂದಾದರೆ ಆ ಎರಡನ್ನೂ ಬೇರ್ಪಡಿಸುವ ಕಾರ್ಡು. ವಿಷಯ ಗೊತ್ತಿತ್ತು, ಆದರೆ ರೋಗಿಯ ಕತೆಯಿಂದ ರೋಗ ಹೊಳೆಯಲಿಲ್ಲ ಎಂದಾದರೆ, ಕತೆಯ ಎರಡು ಸಾಲು ಮುಂದೆ, ರೋಗದ ಹೆಸರು ಹಿಂದೆ. "ಇದನ್ನು ಬಿಟ್ಟು" ಎಂಬುದನ್ನು ಓದದೆ ತಪ್ಪಿದ್ದಕ್ಕೆ ಕಾರ್ಡು ಮಾಡಬೇಡಿ, ಅದು ಕಾರ್ಡಿನಿಂದ ವಾಸಿಯಾಗುವ ಕಾಯಿಲೆ ಅಲ್ಲ. ಗಡಿಯಾರ ಇಟ್ಟು ಇನ್ನಷ್ಟು ಪ್ರಶ್ನೆ ಬಿಡಿಸುವುದೊಂದೇ ದಾರಿ. ಊಹೆಯಿಂದ ಸರಿಯಾದದ್ದನ್ನೂ ತಪ್ಪಿನ ಲೆಕ್ಕಕ್ಕೇ ಸೇರಿಸಿ.

ಕಟಪಾಡಿ_ಕಡಲು

"ಬೇರ್ಪಡಿಸುವ ಕಾರ್ಡು" ಅಂದರೆ ಹೇಗೆ ಸರ್? ಒಂದು ಉದಾಹರಣೆ ಸಿಕ್ಕಿದರೆ ಒಳ್ಳೇದಿತ್ತು.

ವಾರ್ಡ್_ರೌಂಡ್ಸ್

ಅಡ್ರಿನಲಿನ್ ತೆಗೆದುಕೊಳ್ಳಿ. "ಅಡ್ರಿನಲಿನ್ ಡೋಸ್?" ಎಂದು ಕೇಳುವ ಕಾರ್ಡು ಕೆಟ್ಟದು, ಏಕೆಂದರೆ ಅದಕ್ಕೆ ಉತ್ತರ ಒಂದಲ್ಲ. ಎರಡು ಕಾರ್ಡು ಮಾಡಿ. ಒಂದರ ಮುಂದೆ: ವಯಸ್ಕರಿಗೆ ಅನಾಫೈಲಾಕ್ಸಿಸ್ (ತೀವ್ರ ಅಲರ್ಜಿ), ಸಾಂದ್ರತೆ, ಪ್ರಮಾಣ, ದಾರಿ? ಹಿಂದೆ: 1:1000ದ್ದು 0.5 ಮಿಲಿ, ತೊಡೆಯ ಹೊರಬದಿಗೆ ಐಎಂ (ಸ್ನಾಯುವಿಗೆ). ಇನ್ನೊಂದರ ಮುಂದೆ: ಕಾರ್ಡಿಯಾಕ್ ಅರೆಸ್ಟ್, ಅದೇ ಮೂರು ಪ್ರಶ್ನೆ. ಹಿಂದೆ: 1:10,000ದ್ದು 10 ಮಿಲಿ, ಅಂದರೆ 1 ಮಿಗ್ರಾಂ, ಐವಿ (ರಕ್ತನಾಳಕ್ಕೆ). ಪರೀಕ್ಷೆಯಲ್ಲಿ ಆಯ್ಕೆಗಳು ಬರುವುದು ಈ ಎರಡನ್ನು ಅದಲು ಬದಲು ಮಾಡಿಯೇ. ವಾರ್ಡಿನಲ್ಲಿ ಅದಲು ಬದಲಾದರೆ ರೋಗಿಯ ಜೀವಕ್ಕೇ ಬರುತ್ತದೆ.

ದೊಡ್ಡ ವಿಷಯವನ್ನು ಒಡೆಯುವುದಕ್ಕೆ ಎಕ್ಲಾಂಪ್ಸಿಯಾಕ್ಕೆ (ಗರ್ಭಿಣಿಗೆ ಬರುವ ಫಿಟ್ಸ್) ಮೆಗ್ನೀಷಿಯಂ ಸಲ್ಫೇಟ್ ಕೊಡುವ ಪ್ರಿಚರ್ಡ್ ಕ್ರಮ ನೋಡಿ. ಹೆಚ್ಚಿನವರು ಇಡೀ ಕ್ರಮವನ್ನು ಒಂದೇ ಕಾರ್ಡಿನ ಹಿಂದೆ ತುಂಬಿಸುತ್ತಾರೆ. ಆಗ ಎಂಟರಲ್ಲಿ ಆರು ನೆನಪಾದರೆ ಯಾವ ಬಟನ್ ಒತ್ತುವುದು, ಗುಡ್ (ನೆನಪಾಯಿತು) ಅಥವಾ ಅಗೇನ್ (ಮರೆತೆ)? ಗೊತ್ತಾಗುವುದಿಲ್ಲ. ಗುಡ್ ಒತ್ತಿದರೆ ಬಿಟ್ಟುಹೋದ ಎರಡು ಯಾವತ್ತೂ ಕಲಿತ ಹಾಗೆ ಆಗುವುದಿಲ್ಲ, ಅಗೇನ್ ಒತ್ತಿದರೆ ಗೊತ್ತಿರುವ ಆರನ್ನು ದಿನಾ ಓದುವ ಕರ್ಮ.

ಒಡೆದರೆ ಹೀಗೆ. ಐವಿ ಲೋಡಿಂಗ್ (ಮೊದಲ ದೊಡ್ಡ ಡೋಸ್) ಎಷ್ಟು? 4 ಗ್ರಾಂ, 20% ದ್ರಾವಣ. ಐಎಂ ಲೋಡಿಂಗ್? 10 ಗ್ರಾಂ, 50% ದ್ರಾವಣ, ಎರಡೂ ಪೃಷ್ಠಕ್ಕೆ 5ರಂತೆ. ಮುಂದುವರಿಸುವುದು? 4 ಗಂಟೆಗೊಮ್ಮೆ 5 ಗ್ರಾಂ ಐಎಂ, ಬದಿ ಬದಲಿಸುತ್ತಾ. ಎಲ್ಲಿವರೆಗೆ? ಹೆರಿಗೆ ಅಥವಾ ಕೊನೆಯ ಫಿಟ್ಸ್, ಯಾವುದು ಆಮೇಲಿನದೋ ಅಲ್ಲಿಂದ 24 ಗಂಟೆ. ಮುಂದಿನ ಡೋಸ್ ಕೊಡುವ ಮೊದಲು ನೋಡಬೇಕಾದ ಮೂರು? ಮಂಡಿಯ ರಿಫ್ಲೆಕ್ಸ್ ಇರಬೇಕು, ಉಸಿರು ನಿಮಿಷಕ್ಕೆ 12ಕ್ಕಿಂತ ಹೆಚ್ಚು, ಮೂತ್ರ ಗಂಟೆಗೆ 30 ಮಿಲಿಗಿಂತ ಹೆಚ್ಚು. ವಿಷವೇರಿದರೆ? ಕ್ಯಾಲ್ಸಿಯಂ ಗ್ಲೂಕೊನೇಟ್ 10%, 10 ಮಿಲಿ, ನಿಧಾನವಾಗಿ ಐವಿ. ಇದಕ್ಕೆ "ಏಕೆ" ಎನ್ನುವ ಕಾರ್ಡು ಒಂದು ಸೇರಿಸಿ: ಮೊದಲು ರಿಫ್ಲೆಕ್ಸ್ ಏಕೆ ನೋಡುವುದು? ಮೆಗ್ನೀಷಿಯಂ ಏರಿದಂತೆ ಮೊದಲು ಹೋಗುವುದು ಅದು, ಉಸಿರು ಕುಗ್ಗುವುದು ಅದರ ನಂತರ.

ಆಂಪ್ಯೂಲ್ ಲೆಕ್ಕದ ಕಾರ್ಡೂ ಇರಲಿ. 50%ರ 2 ಮಿಲಿ ಆಂಪ್ಯೂಲ್‌ನಲ್ಲಿ 1 ಗ್ರಾಂ. ಐವಿಗೆ 4 ಆಂಪ್ಯೂಲ್, ಅಂದರೆ 8 ಮಿಲಿಗೆ 12 ಮಿಲಿ ಸಲೈನ್ ಸೇರಿಸಿದರೆ 20 ಮಿಲಿ, ಅದೇ 20%. ಐಎಂಗೆ ಒಂದೊಂದು ಬದಿಗೆ 5 ಆಂಪ್ಯೂಲ್. ಒಟ್ಟು ಲೋಡಿಂಗ್ 14 ಗ್ರಾಂ, 14 ಆಂಪ್ಯೂಲ್. ಈ ಲೆಕ್ಕ ಒಮ್ಮೆ ಕೈಯಲ್ಲಿ ಮಾಡಿದವರಿಗೆ ಶೇಕಡಾವಾರು ಅದಲು ಬದಲಾಗುವುದಿಲ್ಲ.

ಸುರತ್ಕಲ್_ಸಿಂಕ್

ಸೆಟ್ಟಿಂಗ್ ಬಗ್ಗೆ ನಾನು ಹೇಳುತ್ತೇನೆ, ಇದರಲ್ಲಿ ಸುಮಾರು ಜನ ಎಡವುತ್ತಾರೆ.

ಡೆಕ್ ಆಪ್ಷನ್ಸ್‌ನಲ್ಲಿ ಎಫ್‌ಎಸ್‌ಆರ್‌ಎಸ್ ಆನ್ ಮಾಡಿ. ಇದು ಕಾರ್ಡು ಮತ್ತೆ ಯಾವಾಗ ಬರಬೇಕೆಂದು ನಿರ್ಧರಿಸುವ, 2023ರಲ್ಲಿ ಆಂಕಿಯ ಒಳಗೇ ಬಂದ ಲೆಕ್ಕಾಚಾರ. ಮೊದಲಿದ್ದದ್ದು 1987ರ ಎಸ್‌ಎಂ-2ರ ಮೇಲೆ ನಿಂತದ್ದು, ಅದರಲ್ಲಿ ಪದೇ ಪದೇ ತಪ್ಪಿದ ಕಾರ್ಡಿನ ಈಸ್ (ಅಂತರ ಬೆಳೆಯುವ ಪ್ರಮಾಣ) 130%ಗೆ ಇಳಿದು, ಅದು ಮೂರು ನಾಲ್ಕು ದಿನಕ್ಕೊಮ್ಮೆ ಎದುರು ಬಂದು ನಿಲ್ಲುತ್ತಿತ್ತು. ಡಿಸೈರ್ಡ್ ರಿಟೆನ್ಷನ್ (ಎಷ್ಟು ಪಾಲು ನೆನಪಿರಬೇಕೆಂಬ ಗುರಿ) 0.90 ಇರುತ್ತದೆ, ಹಾಗೇ ಬಿಡಿ. 0.95 ದಾಟಿಸಿದರೆ ರಿವ್ಯೂ ಸಿಕ್ಕಾಪಟ್ಟೆ ಏರುತ್ತದೆ, ಪ್ರಶ್ನೆ ಬಿಡಿಸಲು ಸಮಯವೇ ಉಳಿಯುವುದಿಲ್ಲ. ತಿಂಗಳಿಗೊಮ್ಮೆ ಆಪ್ಟಿಮೈಸ್ ಒತ್ತಿ, ನಿಮ್ಮ ರಿವ್ಯೂ ನೋಡಿ ಅದು ಲೆಕ್ಕ ತಿದ್ದಿಕೊಳ್ಳುತ್ತದೆ. ಲರ್ನಿಂಗ್ ಸ್ಟೆಪ್ (ಹೊಸ ಕಾರ್ಡು ಮೊದಲ ಸಲ ಮತ್ತೆ ಬರುವ ಅಂತರ) ಒಂದು ದಿನದ ಒಳಗೇ ಇರಲಿ, 10 ಅಥವಾ 15 ನಿಮಿಷದ್ದು ಒಂದು ಸಾಕು.

ಬಟನ್ ಎರಡೇ ಬಳಸಿ, ಅಗೇನ್ ಮತ್ತು ಗುಡ್. ಮರೆತಾಗ ಹಾರ್ಡ್ ಒತ್ತುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದು. ಹಾರ್ಡ್ ಎಂದರೆ "ತಿಣುಕಿದೆ, ಆದರೆ ನೆನಪಾಯಿತು" ಎಂದು ಆಂಕಿ ತಿಳಿಯುತ್ತದೆ. ಮರೆತದ್ದಕ್ಕೆಲ್ಲ ಹಾರ್ಡ್ ಒತ್ತಿದರೆ ನಿಮ್ಮ ಮರೆವಿನ ಬಗ್ಗೆ ಅದಕ್ಕೆ ಸುಳ್ಳು ಹೇಳಿದ ಹಾಗೆ, ಆಮೇಲೆ ಎಲ್ಲ ಕಾರ್ಡಿನ ಅಂತರವೂ ಅಗತ್ಯಕ್ಕಿಂತ ಉದ್ದವಾಗುತ್ತದೆ.

ಹೊಸ ಕಾರ್ಡಿನ ಲೆಕ್ಕ: ದಿನಕ್ಕೆ 30 ಹೊಸತು ಹಾಕಿದರೆ ಕೆಲವು ವಾರದಲ್ಲಿ ರಿವ್ಯೂ 200ರಿಂದ 300ರ ಹತ್ತಿರ ನಿಲ್ಲುತ್ತದೆ. ಕಾರ್ಡಿಗೆ 9 ಸೆಕೆಂಡಿನಂತೆ 300 ಕಾರ್ಡಿಗೆ 45 ನಿಮಿಷ. ಕಾರ್ಡಿಗೆ 20 ಸೆಕೆಂಡು ಬೇಕಾಗುತ್ತಿದೆ ಎಂದರೆ ಕಾರ್ಡು ದೊಡ್ಡದಾಗಿದೆ, ಒಡೆಯಿರಿ. ಐದು ತಿಂಗಳಲ್ಲಿ ಕೊನೇ ಮೂರು ವಾರ ಹೊಸತು ನಿಲ್ಲಿಸಬೇಕು. ಉಳಿದ ದಿನಕ್ಕೆ 30ರಂತೆ ಮೂರೂವರೆ ಸಾವಿರದ ಮೇಲೆ ಆಗುತ್ತದೆ, ಧಾರಾಳ ಸಾಕು.

ಕಾರ್ಕಳ_ಕಲ್ಲು

ಮ್ಯಾಕ್ಸಿಮಂ ಇಂಟರ್ವಲ್ (ಕಾರ್ಡಿನ ಗರಿಷ್ಠ ಅಂತರ) ಅನ್ನು ಪರೀಕ್ಷೆಗೆ ಉಳಿದ ದಿನಕ್ಕೆ ಕಟ್ಟಿಹಾಕಬೇಕಲ್ಲ? ಇಲ್ಲದಿದ್ದರೆ ಕೆಲವು ಕಾರ್ಡು ಪರೀಕ್ಷೆ ಮುಗಿದ ಮೇಲೆ ಬರುತ್ತವೆ.

ಸುರತ್ಕಲ್_ಸಿಂಕ್

ಬರಲಿ ಬಿಡಿ ಮಾರಾಯ್ರೆ. ಒಂದು ಕಾರ್ಡಿಗೆ 120 ದಿನದ ಅಂತರ ಕೊಟ್ಟಿದೆ ಎಂದರೆ 120ನೇ ದಿನಕ್ಕೂ ಅದು ನೆನಪಿರುವ ಸಾಧ್ಯತೆ 90% ಎಂದು ಲೆಕ್ಕ. ಪರೀಕ್ಷೆ 60ನೇ ದಿನಕ್ಕಿದ್ದರೆ ಆ ದಿನ ಸಾಧ್ಯತೆ ಅದಕ್ಕಿಂತಲೂ ಹೆಚ್ಚೇ ಇರುತ್ತದೆ. ಕಟ್ಟಿಹಾಕಿದರೆ ಗಟ್ಟಿಯಾಗಿ ಗೊತ್ತಿರುವ ಕಾರ್ಡುಗಳೇ ಕೊನೇ ವಾರಗಳಲ್ಲಿ ಗುಂಪಾಗಿ ಬಂದು, ಬಲಹೀನ ಕಾರ್ಡುಗಳ ಸಮಯ ತಿನ್ನುತ್ತವೆ.

ಕಾರ್ಕಳ_ಕಲ್ಲು

ಲೆಕ್ಕ ಒಪ್ಪಿದೆ. ಆದರೆ ಅದು ಬಟನ್ ಪ್ರಾಮಾಣಿಕವಾಗಿ ಒತ್ತಿದವರಿಗೆ ಮಾತ್ರ ಅನ್ವಯ. ಹಾರ್ಡ್ ಒತ್ತಿ ಒತ್ತಿ ಅಂತರ ಉದ್ದವಾದ ಡೆಕ್ ಇದ್ದವರು ಕಟ್ಟಿಹಾಕುವುದೇ ಕ್ಷೇಮ ಎಂದು ನಾನು ಈಗಲೂ ಹೇಳುತ್ತೇನೆ.

ಸುರತ್ಕಲ್_ಸಿಂಕ್

ಅದು ಸರಿ, ಅಂಥ ಡೆಕ್ಕಿಗೆ ನಿಮ್ಮ ಮಾತೇ ಆಗಬಹುದು.

ಬಾಕಿಯ ಪ್ರಶ್ನೆಗೆ ಬರುತ್ತೇನೆ. ಸಾವಿರ ದಾಟಿದರೆ ಹೊಸ ಕಾರ್ಡು ಸೊನ್ನೆ ಮಾಡಿ. ಡೆಕ್ ಆಪ್ಷನ್ಸ್‌ನ ಡಿಸ್‌ಪ್ಲೇ ಆರ್ಡರ್‌ನಲ್ಲಿ ರಿವ್ಯೂ ಸಾರ್ಟ್ ಆರ್ಡರ್ ಅನ್ನು "ಡಿಸೆಂಡಿಂಗ್ ರಿಟ್ರೀವೆಬಿಲಿಟಿ"ಗೆ ಬದಲಿಸಿ. ಇನ್ನೂ ನೆನಪಿರುವ ಸಾಧ್ಯತೆ ಹೆಚ್ಚಿರುವ ಕಾರ್ಡು ಮೊದಲು ಬರುತ್ತದೆ. ಇದು ಉಲ್ಟಾ ಅನ್ನಿಸಬಹುದು. ಆದರೆ ಪೂರ್ತಿ ಮರೆತ ಕಾರ್ಡು ನಾಳೆಗೂ ಮರೆತೇ ಇರುತ್ತದೆ, ಅದಕ್ಕೆ ಕಾದು ನಷ್ಟ ಕಡಿಮೆ. ಮರೆಯುವ ಅಂಚಿನಲ್ಲಿ ಇರುವುದನ್ನು ಉಳಿಸಿಕೊಂಡರೆ ಲಾಭ. ದಿನಕ್ಕೆ 300 ಎಂದು ಮಿತಿ ಹಾಕಿ ಇಳಿಸುತ್ತಾ ಬನ್ನಿ. ಸಿಟ್ಟಿಗೆ ರೀಸೆಟ್ ಮಾತ್ರ ಒತ್ತಬೇಡಿ, ಅಷ್ಟೂ ಕಾರ್ಡು ಹೊಸದಾಗಿ ಕೂತುಕೊಳ್ಳುತ್ತವೆ.

ಬಲ್ಮಠ_ಬೆಂಚು

ಫೋನ್ ಕೈಗೆ ಬಂದರೆ ಓದು ಕೆಡುತ್ತದೆ ಎನ್ನುವವರಿಗೆ ಕಾಗದದ ಕಾರ್ಡು ಈಗಲೂ ಆಗುತ್ತದೆ. ಲೈಟ್ನರ್ ಎಂಬವರು 1972ರಲ್ಲಿ ಹೇಳಿದ ಪೆಟ್ಟಿಗೆ ಪದ್ಧತಿ. ಚಪ್ಪಲಿ ಡಬ್ಬಿಯಲ್ಲಿ ಐದು ಖಾನೆ ಮಾಡಿ: ದಿನಾ, ಎರಡು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ. ಸರಿಯಾದರೆ ಮುಂದಿನ ಖಾನೆಗೆ, ತಪ್ಪಾದರೆ ಎಲ್ಲಿದ್ದರೂ ವಾಪಸ್ ಮೊದಲ ಖಾನೆಗೆ. ಎ4 ಐವರಿ ಶೀಟನ್ನು ಎಂಟು ತುಂಡು ಮಾಡಿದರೆ ಅಳತೆ ಸರಿಯಾಗುತ್ತದೆ. ತೆಳು ಕಾಗದ ಬೇಡ, ಹಿಂದಿನ ಉತ್ತರ ಮುಂದೆ ಕಾಣುತ್ತದೆ. ನಮ್ಮ ಮಳೆಗಾಲದಲ್ಲಿ ಜೆಲ್ ಪೆನ್ನಿನ ಬರಹ ತೇವಕ್ಕೆ ಹರಡುತ್ತದೆ, ಬಾಲ್ ಪೆನ್ನೇ ಆಗಬೇಕು, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಆದರೆ ಸಾವಿರಕ್ಕಿಂತ ಮೇಲೆ ಹೋದರೆ ಕಾಗದ ಕೈ ಹಿಡಿಯುವುದಿಲ್ಲ. ಕಮ್ಯುನಿಟಿ ಮೆಡಿಸಿನ್, ಫೊರೆನ್ಸಿಕ್ ಎರಡಕ್ಕೇ ಇಟ್ಟುಕೊಳ್ಳಿ.

ಪಿಎಸ್‌ಎಂ_ಪ್ರಿಯೆ

ತ್ಯಾಜ್ಯದ ಬಣ್ಣದ ಬಗ್ಗೆ ಇನ್ನೊಂದು ಮಾತು. "ಲೀಚ್" ಎಂದು ಆಂಕಿ ಗುರುತು ಹಾಕುವ ಕಾರ್ಡುಗಳಲ್ಲಿ, ಅಂದರೆ ಎಂಟು ಸಲ ಮರೆತವುಗಳಲ್ಲಿ, ಇದು ಖಂಡಿತ ಇರುತ್ತದೆ. ಕಾರಣ, "ಹಳದಿ ಚೀಲಕ್ಕೆ ಏನೇನು?" ಎಂದು ಪಟ್ಟಿ ಕೇಳಿರುತ್ತೇವೆ. ಪರೀಕ್ಷೆಯಲ್ಲಿ ಹಾಗೆ ಕೇಳುವುದೇ ಇಲ್ಲ, ಒಂದು ವಸ್ತು ಕೊಟ್ಟು ಬಣ್ಣ ಕೇಳುತ್ತಾರೆ. ಹಾಗಾಗಿ ಒಂದು ವಸ್ತುವಿಗೆ ಒಂದು ಕಾರ್ಡು. ಪ್ಲಾಸೆಂಟಾ, ರಕ್ತದ ಹತ್ತಿ: ಹಳದಿ. ಐವಿ ಸೆಟ್, ಕ್ಯಾಥೆಟರ್, ಗ್ಲೌಸ್: ಕೆಂಪು. ಸೂಜಿ, ಬ್ಲೇಡ್: ಬಿಳಿ, ಚುಚ್ಚಿದರೆ ತೂತಾಗದ ಡಬ್ಬಿ. ಒಡೆದ ಗಾಜಿನ ವಯಲ್: ನೀಲಿ. ಹೆಚ್ಚು ಕಲಸುವುದು ಸೂಜಿ ಮತ್ತು ಗಾಜು, ಎರಡೂ ಚುಚ್ಚುವುದರಿಂದ. ಆ ಎರಡಕ್ಕೆ ಒಂದು ಜೋಡಿ ಕಾರ್ಡು: "ಲೋಹದ ಚೂಪು ಎಲ್ಲಿಗೆ, ಗಾಜಿನ ಚೂಪು ಎಲ್ಲಿಗೆ?" ಲೀಚ್ ಆದ ಕಾರ್ಡನ್ನು ಒಂಬತ್ತನೇ ಸಲ ಓದಿ ಫಲವಿಲ್ಲ. ಅದನ್ನು ಅಳಿಸಿ, ಯಾವುದರ ಜೊತೆ ಕಲಸುತ್ತಿದೆ ಎಂದು ಹುಡುಕಿ, ಹೊಸದಾಗಿ ಬರೆಯಿರಿ.

ಮಲೇರಿಯಾವನ್ನು ಕೂಡ ಹೀಗೇ ಜೋಡಿಯಾಗಿ. ನಮ್ಮ ಮಂಗಳೂರಿನವರಿಗೆ ಈ ಕಾಯಿಲೆ ಹೊಸತಲ್ಲ, ಆದರೆ ಪ್ರೈಮಾಕ್ವಿನ್ ಡೋಸ್ ಎಲ್ಲರಿಗೂ ಕಲಸುತ್ತದೆ. ವೈವ್ಯಾಕ್ಸ್ ಬಗೆಯ ಮಲೇರಿಯಾಕ್ಕೆ ದಿನಕ್ಕೆ ಕೆಜಿಗೆ 0.25 ಮಿಗ್ರಾಂ, 14 ದಿನ, ಲಿವರ್‌ನಲ್ಲಿ ಅಡಗಿರುವ ಹಿಪ್ನೊಜೊಯಿಟ್ ಕೊಲ್ಲಲು. ಫಾಲ್ಸಿಪೇರಂ ಬಗೆಗೆ ಕೆಜಿಗೆ 0.75 ಮಿಗ್ರಾಂ, ಒಂದೇ ಡೋಸ್, ಗ್ಯಾಮಿಟೊಸೈಟ್ (ಸೊಳ್ಳೆಗೆ ದಾಟುವ ರೂಪ) ಕೊಂದು ಹರಡುವುದನ್ನು ನಿಲ್ಲಿಸಲು. ಉತ್ತರದ ಜೊತೆ ಕಾರಣವನ್ನೂ ಬರೆದರೆ ಸಂಖ್ಯೆ ತಾನಾಗಿ ನಿಲ್ಲುತ್ತದೆ. ಗರ್ಭಿಣಿಯರಿಗೆ ಮತ್ತು ಜಿ6ಪಿಡಿ ಎಂಬ ಕಿಣ್ವದ ಕೊರತೆಗೆ ಪ್ರತ್ಯೇಕ ಕಾರ್ಡು ಇರಲಿ.

ಯುಕೆ_ದಾರಿ

ಇದೇ ಡೆಕ್ ಇಟ್ಟುಕೊಂಡು ಪ್ಲಾಬ್ (ಹೊರದೇಶದ ವೈದ್ಯರಿಗೆ ಬ್ರಿಟನ್‌ನ ಪರೀಕ್ಷೆ) ಬರೆಯುವವರು ಗಮನಿಸಿ. ಗ್ಲೂಕೋಸ್ ಅಲ್ಲಿ ಮಿಲಿಮೋಲ್‌ನಲ್ಲಿ. ನಮ್ಮ ಸಂಖ್ಯೆಯನ್ನು 18ರಿಂದ ಭಾಗಿಸಿ, 126 ಅಂದರೆ 7.0. ಕ್ರಿಯಾಟಿನಿನ್‌ಗೆ 88.4ರಿಂದ ಗುಣಿಸಿದರೆ ಮೈಕ್ರೋಮೋಲ್. ಪ್ಯಾರಾಸಿಟಮಾಲ್ ಹೆಚ್ಚಾದಾಗ ಚಿಕಿತ್ಸೆಯ ಗೆರೆ ಬ್ರಿಟನ್‌ನಲ್ಲಿ 4 ಗಂಟೆಗೆ ಲೀಟರಿಗೆ 100 ಮಿಗ್ರಾಂ, ಅಮೆರಿಕದ ಡೆಕ್ಕಿನಲ್ಲಿ 150. ಇಂಥ ಕಾರ್ಡಿನ ಮುಂಬದಿಯಲ್ಲೇ ದೇಶದ ಹೆಸರು ಇರಬೇಕು, ಟ್ಯಾಗ್‌ನಲ್ಲಿ ಇದ್ದರೆ ರಿವ್ಯೂ ಮಾಡುವಾಗ ಕಣ್ಣಿಗೆ ಬೀಳುವುದಿಲ್ಲ.

ಕಟಪಾಡಿ_ಕಡಲು

ತುಂಬ ಉಪಕಾರ ಆಯಿತು. ಇನ್ನೆರಡು ಕೇಳುತ್ತೇನೆ. ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಫೋನಲ್ಲಿ ರಿವ್ಯೂ ಮಾಡಿದರೆ ಆಗುತ್ತದಾ? ಮತ್ತೆ ಅನಾಟಮಿಯ ಚಿತ್ರಗಳಿಗೆ ಎಂತ ಮಾಡುವುದು?

ಸುರತ್ಕಲ್_ಸಿಂಕ್

ಬಸ್ಸಲ್ಲಿ ಆಗುತ್ತದೆ, ಒಂದು ಷರತ್ತು ಉಂಟು. ಬಸ್ಸಲ್ಲಿ ಹಳೇ ಕಾರ್ಡಿನ ರಿವ್ಯೂ ಮಾತ್ರ, ಹೊಸ ಕಾರ್ಡು ಮೇಜಿನ ಎದುರು. ಕಂಡಕ್ಟರು ಟಿಕೆಟ್ ಕೇಳುವ ಗದ್ದಲದಲ್ಲಿ ಹೊಸತು ಕಲಿತರೆ ಮೊದಲ ನೆನಪೇ ಸಡಿಲವಾಗುತ್ತದೆ. ಆಂಕಿಡ್ರಾಯ್ಡ್ ಉಚಿತ, ನೆಟ್ ಇಲ್ಲದೆಯೂ ನಡೆಯುತ್ತದೆ. ಐಫೋನ್‌ನ ಆಪ್‌ಗೆ ದುಡ್ಡು ಕೊಡಬೇಕು, ಬೇಡ ಎನ್ನುವವರು ಬ್ರೌಸರ್‌ನಲ್ಲಿ ಆಂಕಿವೆಬ್ ತೆರೆಯಬಹುದು. ಹೊರಡುವ ಮೊದಲು ಸಿಂಕ್, ತಲುಪಿ ಮತ್ತೆ ಸಿಂಕ್, ಆಮೇಲೆಯೇ ಲ್ಯಾಪ್‌ಟಾಪ್ ತೆರೆಯುವುದು.

ಕೆಲವೊಮ್ಮೆ "ಅಪ್‌ಲೋಡ್ ಅಥವಾ ಡೌನ್‌ಲೋಡ್" ಎಂದು ಕೇಳುತ್ತದೆ. ಅಲ್ಲಿ ಅವಸರ ಮಾಡಬೇಡಿ. ಒಂದು ಬದಿಯದ್ದು ಇನ್ನೊಂದನ್ನು ಪೂರ್ತಿ ಅಳಿಸಿ ಕೂರುತ್ತದೆ. ಇತ್ತೀಚೆಗೆ ರಿವ್ಯೂ ಮಾಡಿದ ಸಾಧನ ಯಾವುದೋ ಅದರಿಂದ ಅಪ್‌ಲೋಡ್, ಇನ್ನೊಂದರಲ್ಲಿ ಡೌನ್‌ಲೋಡ್. ಗುಡುಗು ಮಳೆಗೆ ಕರೆಂಟು, ನೆಟ್ಟು ಎರಡೂ ಒಟ್ಟಿಗೆ ಕೈಕೊಡುವ ಊರು ನಮ್ಮದು. ವಾರಕ್ಕೊಮ್ಮೆ ಇಡೀ ಸಂಗ್ರಹವನ್ನು ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ.

ಕಾರ್ಕಳ_ಕಲ್ಲು

ಚಿತ್ರಕ್ಕೆ ಇಮೇಜ್ ಆಕ್ಲೂಷನ್, ಈಗ ಆಂಕಿಯಲ್ಲೇ ಉಂಟು. ಬ್ರೇಕಿಯಲ್ ಪ್ಲೆಕ್ಸಸ್ (ತೋಳಿನ ನರಜಾಲ) ಚಿತ್ರ ಹಾಕಿ ಹೆಸರುಗಳ ಮೇಲೆ ಚೌಕ ಎಳೆದರೆ ಒಂದೊಂದು ಚೌಕಕ್ಕೆ ಒಂದೊಂದು ಕಾರ್ಡು. ಆದರೆ ಒಂದು ಚಿತ್ರಕ್ಕೆ ಆರೇಳು ಚೌಕ ಸಾಕು. ಇಪ್ಪತ್ತು ಹಾಕಿದರೆ ನೆನಪಾಗುವುದು ಚೌಕದ ಜಾಗ, ನರ ಅಲ್ಲ. ಅದಕ್ಕೇ ಅದೇ ನರಕ್ಕೆ ಮಾತಿನ ಕಾರ್ಡೂ ಒಂದು ಬೇಕು: ಹ್ಯೂಮರಸ್‌ನ ನಡುಭಾಗ ಮುರಿದು ಮಣಿಕಟ್ಟು ಜೋತಿದೆ, ಯಾವ ನರ? ರೇಡಿಯಲ್. ಎಕ್ಸ್‌ರೇ, ಫಂಡಸ್ (ಕಣ್ಣಿನ ಹಿಂಭಾಗದ ಒಳಮೈ), ಚರ್ಮದ ಚಿತ್ರಗಳಿಗೆ ಚೌಕವೇ ಬೇಡ. ಚಿತ್ರ ಮುಂದೆ, ರೋಗ ಹಿಂದೆ, ಮತ್ತು ಒಂದೇ ರೋಗಕ್ಕೆ ಬೇರೆ ಬೇರೆ ಎರಡು ಮೂರು ಚಿತ್ರ. ಒಂದೇ ಚಿತ್ರ ನೋಡಿದವರು ಮೂಲೆಯಲ್ಲಿರುವ ಬಾಣದ ಗುರುತು ನೋಡಿ ಉತ್ತರ ಹೇಳಲು ಕಲಿಯುತ್ತಾರೆ.

ವಾರ್ಡ್_ರೌಂಡ್ಸ್

ಹಾವಿನ ಕಾರ್ಡು ಮಾಡುವಾಗ ನಮ್ಮ ಕಡೆಯವರು ಒಂದು ಸೇರಿಸಿಕೊಳ್ಳಿ. ಪಾಲಿವೇಲೆಂಟ್ ಎಎಸ್‌ವಿ (ಹಾವಿನ ವಿಷಕ್ಕೆ ಪ್ರತಿವಿಷ) ಯಾವ ನಾಲ್ಕಕ್ಕೆ? ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಪಶ್ಚಿಮ ಘಟ್ಟದ ಬದಿಯ ಹಂಪ್‌ನೋಸ್ಡ್ ಪಿಟ್ ವೈಪರ್ ಅದರಲ್ಲಿ ಇಲ್ಲ. ಮಕ್ಕಳಿಗೂ ವಯಸ್ಕರಿಗೂ ಎಎಸ್‌ವಿ ಪ್ರಮಾಣ ಒಂದೇ, ಏಕೆಂದರೆ ಹಾವು ಬಿಡುವ ವಿಷ ಮಗುವಿಗೆಂದು ಕಡಿಮೆಯಾಗುವುದಿಲ್ಲ. ರಕ್ತ ಹೆಪ್ಪುಗಟ್ಟುವ ಪರೀಕ್ಷೆ 20 ನಿಮಿಷ, ಅದೂ ಒಣಗಿದ ಸ್ವಚ್ಛ ಗಾಜಿನ ಟ್ಯೂಬಿನಲ್ಲಿ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮಾಡಿದರೆ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು.

ಕೊನೇ ಮೂರು ವಾರದ ಬಗ್ಗೆ: ಹೊಸತು ನಿಲ್ಲಿಸಿ, ಬೆಳಿಗ್ಗೆ ರಿವ್ಯೂ, ಮಧ್ಯಾಹ್ನ ಮಾಕ್ ಪರೀಕ್ಷೆ, ಸಂಜೆ ಆ ಮಾಕ್‌ನಲ್ಲಿ ತಪ್ಪಿದ್ದು. ಆಗ ಮಾಡುವ ಕಾರ್ಡು ದಿನಕ್ಕೆ ಹತ್ತು ಮೀರಬಾರದು, ಅದೂ ತಪ್ಪಿನಿಂದ ಹುಟ್ಟಿದ್ದು ಮಾತ್ರ. ಕಸ್ಟಮ್ ಸ್ಟಡಿಯಲ್ಲಿ "ರಿವ್ಯೂ ಫರ್ಗಾಟನ್ ಕಾರ್ಡ್ಸ್" ಎಂದು ಉಂಟು. ಏಳು ದಿನ ಎಂದು ಕೊಟ್ಟರೆ ಆ ವಾರ ಮರೆತದ್ದೆಲ್ಲ ಒಂದೆಡೆ ಸೇರುತ್ತದೆ. ಭಾನುವಾರ ಅದನ್ನು ಒಮ್ಮೆ ಓಡಿಸಿ.

ಕಟಪಾಡಿ_ಕಡಲು

ಗುಂಪಿನಲ್ಲಿ ವಿಷಯ ಹಂಚಿಕೊಂಡು ಒಬ್ಬೊಬ್ಬರು ಕಾರ್ಡು ಮಾಡಿ ಕೊಡುವುದಾ?

ಪಿಎಸ್‌ಎಂ_ಪ್ರಿಯೆ

ಕಾರ್ಯಕ್ರಮ, ಲಸಿಕೆ, ಕಾನೂನು ಹಂಚಿಕೊಳ್ಳಿ, ಅವು ಎಲ್ಲರಿಗೂ ಒಂದೇ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಈಗಿನ ಮಾರ್ಗಸೂಚಿ ತೆರೆದಿಟ್ಟು ತಾಳೆ ನೋಡಿದ ಮೇಲೆಯೇ ಉಳಿದವರಿಗೆ ಕಳಿಸಿ. ತಪ್ಪಾದ ಪ್ರಶ್ನೆಯಿಂದ ಹುಟ್ಟಿದ ಕಾರ್ಡು ಹಂಚಬೇಡಿ. ನಿಮಗೆ ಕಲಸಿದ್ದು ಅವರಿಗೆ ಕಲಸಿರುವುದಿಲ್ಲ, ಅವರ ದಿನದ 30ರಲ್ಲಿ ಸುಮ್ಮನೆ ಜಾಗ ತಿನ್ನುತ್ತದೆ.